ಬ್ಯಾಟರಿ ಕಾರಿನ ಟೀಮು

ಕೊಪ್ಪಳ ತಾಲ್ಲೂಕಿನ ಈ ಹೈಸ್ಕೂಲಿನಲ್ಲಿ ಕಬಡ್ಡಿ ತಂಡ ಮೈದಾನಕ್ಕೆ ಇಳಿದರೆ ಸಾಕು, ಇಡೀ ಶಾಲೆ ಗೆರೆ ಸುತ್ತ ನಿಲ್ಲುತ್ತದೆ. ರೊಬೊಟಿಕ್ಸ್ ತಂಡಕ್ಕೆ ಉಳಿದ ಮಕ್ಕಳು ಇಟ್ಟ ಹೆಸರು ‘ಬ್ಯಾಟರಿ ಕಾರಿನ ಟೀಮು’. ಅದರಲ್ಲಿ ಅವರ ತಪ್ಪೇನೂ ಇಲ್ಲ. ಹೊರಗೆ ನಿಂತವರಿಗೆ ಕಾಣುವುದು ಇಷ್ಟೇ: ಬೀಗ ಹಾಕಿದ ಕೋಣೆ, ಒಳಗೆ ಮಾರ್ಕ್ಸ್‌ನಲ್ಲಿ ಮುಂದಿರುವ ಏಳೆಂಟು ಮಕ್ಕಳು, ವರ್ಷಕ್ಕೊಮ್ಮೆ ವೇದಿಕೆ ಮೇಲೆ ಒಂದು ಗಾಡಿ, ಅದರ ಜೊತೆಗೆ ಬಾಯಿಪಾಠ ಮಾಡಿದ ಇಂಗ್ಲಿಷ್ ವಿವರಣೆ. ಗವಿಮಠದ ಜಾತ್ರೆಯಲ್ಲಿ ರಿಮೋಟ್ ಸಮೇತ ಸಿಗುವ ಕಾರು ಇದಕ್ಕಿಂತ ಜೋರಾಗಿ ಓಡುತ್ತದೆ ಎಂದು ಮಕ್ಕಳು ಹೇಳಿದರೆ ಅದು ನಿಜವೇ.

ವೇದಿಕೆ ಮೇಲೆ ಗಾಡಿ ನಾಲ್ಕು ಹೆಜ್ಜೆ ಹೋಗಿ ನಿಲ್ಲುವುದೂ ಹೊಸದಲ್ಲ. ಬಹುಪಾಲು ಶಾಲೆಗಳಲ್ಲಿ ಇದಕ್ಕೆ ಕಾರಣ 9 ವೋಲ್ಟಿನ ಚೌಕದ ಬ್ಯಾಟರಿ. ಬ್ಯಾಟರಿಯಲ್ಲಿ ಓಡುವ ಹಳದಿ ಬಿಒ ಮೋಟಾರು ಸುಮ್ಮನೆ ಓಡುವಾಗ ನೂರಿನ್ನೂರು ಮಿಲಿಆಂಪ್ ಎಳೆದರೂ, ಹೊರಡುವಾಗ ಮತ್ತು ಗಾಲಿ ಸಿಕ್ಕಿಕೊಂಡಾಗ ಅದರ ಹಲವು ಪಟ್ಟು ಕೇಳುತ್ತದೆ. ಎರಡೋ ನಾಲ್ಕೋ ಮೋಟಾರು ಒಟ್ಟಿಗೆ ಕೇಳಿದಾಗ ಆ ಬ್ಯಾಟರಿಗೆ ಕೊಡಲು ಶಕ್ತಿ ಇರುವುದಿಲ್ಲ, ವೋಲ್ಟೇಜು ಕುಸಿಯುತ್ತದೆ. ಅದೇ ಬ್ಯಾಟರಿಯಿಂದ ಗಾಡಿಯ ಮಿದುಳಾದ ಆರ್ಡುಯಿನೊ ಉನೊ ಬೋರ್ಡಿಗೂ ಕರೆಂಟು ಕೊಟ್ಟಿದ್ದರೆ, ಕರೆಂಟು ಒಳಬರುವ ಅದರ ವಿನ್ ಪಿನ್ನಿಗೆ ಬೇಕಾದ ಸುಮಾರು 7 ವೋಲ್ಟ್ ಸಿಗದೆ ಬೋರ್ಡು ರೀಸೆಟ್ ಆಗುತ್ತದೆ. ನೋಡುವವರಿಗೆ ಅನಿಸುವುದು ‘ಕೆಟ್ಟೋತು’ ಎಂದು. 18650 ಎಂಬ ಲಿಥಿಯಂ ಸೆಲ್ ಎರಡನ್ನು ಸರಣಿಯಲ್ಲಿ ಹಾಕಿದರೆ 7.4 ವೋಲ್ಟ್, ಚಾರ್ಜ್ ತುಂಬಿದಾಗ 8.4. ಮೋಟಾರಿಗೆ ಕರೆಂಟು ಹಂಚುವ ಎಲ್298ಎನ್ ಡ್ರೈವರ್ ಬೋರ್ಡು ಸುಮಾರು 2 ವೋಲ್ಟ್ ತಾನೇ ನುಂಗಿದರೂ ಮೋಟಾರಿಗೆ ಬೇಕಾದಷ್ಟು ಉಳಿಯುತ್ತದೆ. ಉನೊಗೆ ಬೇರೆ ಸೆಲ್ ಕೊಟ್ಟರೆ ಎರಡರ ಗ್ರೌಂಡ್ (ಮೈನಸ್ ವಾಯರ್) ಕೂಡಿಸುವುದು ಮರೆಯಬಾರದು. ಮರೆತರೆ ಮೋಟಾರು ಹೇಳಿದ ಮಾತು ಕೇಳುವುದಿಲ್ಲ.

ಈ ಸಲದ ಫೆಬ್ರುವರಿ 28ಕ್ಕೆ, ಅಂದರೆ ರಾಷ್ಟ್ರೀಯ ವಿಜ್ಞಾನ ದಿನಕ್ಕೆ, ತಂಡವನ್ನು ವೇದಿಕೆ ಹತ್ತಿಸಲಿಲ್ಲ. 1928ರಲ್ಲಿ ಅದೇ ದಿನ ರಾಮನ್ ಪರಿಣಾಮ ಪತ್ತೆಯಾದದ್ದರ ಬಗೆಗಿನ ಭಾಷಣವನ್ನು ಪ್ರಾರ್ಥನೆಯ ಹೊತ್ತಿಗೇ ಮುಗಿಸಿ, ಎಂಟನೇ ಕ್ಲಾಸಿನ ಮುಂದಿನ ವರಾಂಡದಲ್ಲಿ ಮೂರು ಬೆಂಚು ಹಾಕಿಸಿದೆವು. ಒಂದರ ಮೇಲೆ ಫೋನಿನಿಂದ ಓಡುವ ಗಾಡಿ, ಇನ್ನೊಂದರ ಮೇಲೆ ತುಂಗಭದ್ರಾ ಗೇಟಿನ ಮಾದರಿ, ಮೂರನೆಯದರ ಮೇಲೆ ಬರೀ ಬಿಡಿ ಸಾಮಾನು. ಗೆರೆ ಹಿಡಿದು ಹೋಗುವ ಗಾಡಿಗೆ ನೆಲದ ಮೇಲೊಂದು ಫ್ಲೆಕ್ಸ್. ‘ಮುಟ್ಟಬೇಡಿ’ ಎಂಬ ಬೋರ್ಡು ಎಲ್ಲೂ ಇರಲಿಲ್ಲ. ಹತ್ತನೇ ಕ್ಲಾಸಿನವರನ್ನು ಮಾತ್ರ ಕಳಿಸಲಿಲ್ಲ, ಪರೀಕ್ಷೆ ಹತ್ತಿರ ಬಂದಿತ್ತು. ಅವರು ಕಿಟಕಿಯಲ್ಲೇ ನಿಂತರು.

ಮೊದಲು ಕೈಕೊಟ್ಟದ್ದು ಗೆರೆ ಗಾಡಿ. ಇಲ್ಲಿನ ನೆಲ ಪರ್ಸಿ ಕಲ್ಲಿನದು, ಬಣ್ಣ ಕಪ್ಪುಗಟ್ಟಿದ ಬೂದಿ. ಅದರ ಮೇಲೆ ಕಪ್ಪು ಟೇಪು ಅಂಟಿಸಿದರೆ ಸೆನ್ಸರಿಗೆ ಎರಡೂ ಒಂದೇ. ಅದಕ್ಕೇ ಹಳೆಯ ಫ್ಲೆಕ್ಸ್ ಬ್ಯಾನರನ್ನು ಮಗುಚಿ ಹಾಸುವುದು, ಹಿಂಬದಿ ಬಿಳಿ ಇರುವುದನ್ನು ನೋಡಿ ತರಬೇಕು. (ಯಾರದೋ ಹುಟ್ಟುಹಬ್ಬದ ಶುಭಾಶಯ ಕೊಪ್ಪಳದಲ್ಲಿ ಪುಕ್ಕಟೆ ಸಿಗುವ ಸಾಮಾನು.) ಮೇಲೆ 18 ಮಿಲಿಮೀಟರ್ ಅಗಲದ ಕರೆಂಟ್ ಟೇಪು, ತಿರುವುಗಳು ಸಣ್ಣವಾಗದಂತೆ ಊಟದ ತಟ್ಟೆ ಬೋರಲು ಹಾಕಿ ಗುರುತು ಮಾಡಿದ್ದು. ಗೆರೆ ನೋಡುವ ಎರಡು ಐಆರ್ (ಅವಕೆಂಪು) ಸೆನ್ಸರುಗಳ ನಡುವೆ ಮೂರು ಸೆಂಟಿಮೀಟರ್, ಅಂದರೆ ಟೇಪಿಗಿಂತ ಅಗಲ. ಗೆರೆ ನಡುವೆ ಇರುವಾಗ ಎರಡೂ ಬಿಳಿಯನ್ನೇ ನೋಡಬೇಕು.

ಹತ್ತು ಗಂಟೆಗೆ ಗಾಡಿ ಸರಾಗವಾಗಿ ಸುತ್ತಿತು. ಬಿಸಿಲು ವರಾಂಡದೊಳಗೆ ಬಂದದ್ದೇ ತಡ, ಗೆರೆ ಬಿಟ್ಟು ಸೀದಾ ಗೋಡೆಗೆ ಹೋಯಿತು. ಐಆರ್ ಸೆನ್ಸರು ತಾನೇ ಅವಕೆಂಪು ಬೆಳಕು ಬಿಟ್ಟು, ಬಿಳಿಯಿಂದ ಅದು ಮರಳಿ ಬಂತೇ, ಕಪ್ಪಿನಲ್ಲಿ ಹೀರಿಹೋಯಿತೇ ಎಂದು ನೋಡುತ್ತದೆ. ನಮ್ಮ ಕಡೆಯ ಬಿಸಿಲಿನಲ್ಲಿ ಅದೇ ಬೆಳಕು ಧಾರಾಳವಾಗಿ ಇರುವುದರಿಂದ ಕಪ್ಪು ಟೇಪಿನ ಮೇಲೂ ಸೆನ್ಸರಿಗೆ ಬಿಳಿಯೇ ಕಾಣುತ್ತದೆ. ಕೋಣೆಯ ಟ್ಯೂಬ್‌ಲೈಟಿನಲ್ಲಿ ಸರಿ ಮಾಡಿಕೊಂಡ ನೀಲಿ ಪ್ರೀಸೆಟ್ಟು (ಸೆನ್ಸರಿನ ಸೂಕ್ಷ್ಮತೆ ಹೊಂದಿಸುವ ತಿರುಪು) ಹೊರಗೆ ಉಪಯೋಗಕ್ಕೆ ಬರುವುದಿಲ್ಲ.

ತಂಡದ ಹುಡುಗರು ಗಾಡಿ ಎತ್ತಿಕೊಂಡು ಒಳಗೆ ಓಡಲು ಹೊರಟಿದ್ದರು. ಅಷ್ಟರಲ್ಲಿ ಎಂಟನೇ ಕ್ಲಾಸಿನ ಒಬ್ಬಳು ಅಡ್ಡ ನಿಂತಳು. “ಓಡಿದ್ದು ನೋಡೀವ್ರಿ ಸರ. ಈಗ ಯಾಕ ನಿಂತು ಅದನ್ನ ಹೇಳ್ರಿ.”

ಆ ದಿನ ಕೇಳಿದ ಮಾತುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಇದು. ಗಾಡಿಯನ್ನು ಅಲ್ಲೇ ಬೋರಲು ಹಾಕಿದರು. ಸೆನ್ಸರಿನ ಮೇಲಿನ ಸಣ್ಣ ಲೈಟು ಯಾವಾಗ ಹತ್ತುತ್ತದೆ, ಯಾವಾಗ ಆರುತ್ತದೆ ಎಂಬುದನ್ನು ಟೇಪಿನ ತುಂಡು ಹಿಡಿದು ತೋರಿಸಿದರು. ನೆರಳಲ್ಲಿ ಒಮ್ಮೆ, ಬಿಸಿಲಲ್ಲಿ ಒಮ್ಮೆ. ಕೈ ಅಡ್ಡ ಹಿಡಿದರೆ ಸರಿಹೋಗುತ್ತದೆ ಎಂದು ಮಕ್ಕಳೇ ಕಂಡುಕೊಂಡರು. ಕಪ್ಪು ಚಾರ್ಟ್ ಪೇಪರ್ ಕತ್ತರಿಸಿ ಸೆನ್ಸರಿನ ಸುತ್ತ ನೆಲಕ್ಕೆ ತಾಗಿಯೂ ತಾಗದಂತೆ ಲಂಗ ಕಟ್ಟಿದರು, ಸೆನ್ಸರನ್ನು ನೆಲದಿಂದ ಒಂದು ಸೆಂಟಿಮೀಟರಿಗೆ ಇಳಿಸಿದರು, ಪ್ರೀಸೆಟ್ಟನ್ನು ಅದೇ ಜಾಗದಲ್ಲಿ ಮತ್ತೆ ತಿರುಗಿಸಿದರು. ಗಾಡಿ ಸುತ್ತಿದಾಗ ಬಿದ್ದ ಚಪ್ಪಾಳೆ ಬೆಳಗಿನದಕ್ಕಿಂತ ಬಹಳ ಜೋರಾಗಿತ್ತು. ಅದು ಯಾಕೆ ನಿಂತಿತ್ತು ಎಂಬುದು ಈಗ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತಲ್ಲ. ಯಂತ್ರ ನಡುವೆ ಕೆಟ್ಟರೆ ತಂಡದ ಮರ್ಯಾದೆ ಹೋಗುತ್ತದೆ ಎಂದು ಶಿಕ್ಷಕರು ಹೆದರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮರ್ಯಾದೆ ಹೋಗುವುದು ಕೆಟ್ಟದ್ದನ್ನು ಬಟ್ಟೆ ಮುಚ್ಚಿ ಒಳಗೆ ಒಯ್ದಾಗ.

ಮೂರನೇ ಬೆಂಚಿನ ಖರ್ಚು ಎಲ್ಲಕ್ಕಿಂತ ಕಡಿಮೆ, ಮುತ್ತಿಗೆ ಎಲ್ಲಕ್ಕಿಂತ ಹೆಚ್ಚು. ಬಿಒ ಮೋಟಾರು ನಾಲ್ಕು, ಗಡಿಯಾರಕ್ಕೆ ಹಾಕುವಂಥ ಎಎ ಸೆಲ್ ಎರಡನ್ನು ಹಿಡಿಯುವ ಡಬ್ಬಿ ನಾಲ್ಕು, ಸ್ಕ್ರೂ ಬಿಗಿಯುವ ಕನೆಕ್ಟರು, ಸಣ್ಣ ಸ್ಕ್ರೂಡ್ರೈವರು, ಒಂದು ಸ್ವಿಚ್ಚು. ಇಷ್ಟೇ. ಇಲ್ಲಿ ಕೆಲವು ಎಚ್ಚರಿಕೆ ಬೇಕು. ಬಿಡಿ ಸಾಮಾನಿನ ಬೆಂಚಿನ ಮೇಲೆ 18650 ಸೆಲ್ ಇಡಲೇಬಾರದು, ಮಕ್ಕಳು ಎರಡು ವಾಯರ್ ಕೂಡಿಸಿಯೇ ಕೂಡಿಸುತ್ತಾರೆ. ಎಎ ಸೆಲ್ ಆದರೆ ವಾಯರ್ ಬೆಚ್ಚಗಾಗುತ್ತದೆ. ಲಿಥಿಯಂ ಸೆಲ್ ಆದರೆ ಕೈ ಸುಡುತ್ತದೆ, ಬೆಂಕಿಯೂ ಹೊತ್ತಬಹುದು. ಇನ್ನೊಂದು, ಬಿಒ ಮೋಟಾರಿನ ಹಿಂದಿರುವ ತೆಳ್ಳನೆಯ ಎರಡು ತಾಮ್ರದ ಪಟ್ಟಿ. ಅದಕ್ಕೆ ಬೆಸುಗೆ ಹಾಕಿದ ವಾಯರನ್ನು ನಾಲ್ಕು ಮಕ್ಕಳು ಎಳೆದರೆ ಪಟ್ಟಿಯೇ ಕಿತ್ತುಬರುತ್ತದೆ, ಮೋಟಾರು ತಿಪ್ಪೆಗೆ. ವಾಯರನ್ನು ಮೊದಲು ಮೋಟಾರಿನ ಮೈಗೆ ಕೇಬಲ್ ಟೈ ಹಾಕಿ ಬಿಗಿದು, ಪಟ್ಟಿಯ ಕಡೆ ಸ್ವಲ್ಪ ಸಡಿಲ ಬಿಡಬೇಕು. ಎಳೆತವೆಲ್ಲ ಟೈ ಮೇಲೆ ಬೀಳುತ್ತದೆ.

ಇದೇ ಬೆಂಚಿನಲ್ಲಿ ಒಬ್ಬ ಹುಡುಗ ವಾಯರ್ ಅದಲುಬದಲು ಮಾಡಿ ಮೋಟಾರು ಉಲ್ಟಾ ತಿರುಗಿದ್ದು ನೋಡಿ, “ಇದು ನಮ್ಮ ಬೋರಿನಂಗ ಐತಿ” ಎಂದ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಬದಲಿಸಿದ ಮೇಲೆ ಹೊಲದ ಮೋಟಾರು ಉಲ್ಟಾ ತಿರುಗಿ ನೀರು ಬರದಿದ್ದರೆ, ಮೂರು ಫೇಸಿನಲ್ಲಿ ಯಾವುದಾದರೂ ಎರಡನ್ನು ಬದಲಿಸಿ ಸೀದಾ ಮಾಡುವುದನ್ನು ಅವನು ಅಪ್ಪನ ಜೊತೆ ನೋಡಿದ್ದ. ತಂಡದ ಹುಡುಗಿ ಅದನ್ನೇ ಹಿಡಿದುಕೊಂಡು ಎಲ್298ಎನ್ ಬೋರ್ಡನ್ನು ವಿವರಿಸಿದಳು: ಹೊಲದಲ್ಲಿ ಕೈಯಿಂದ ಮಾಡುವ ಬದಲಾವಣೆಯನ್ನು ಇಲ್ಲಿ ಬೋರ್ಡೇ ಮಾಡುತ್ತದೆ, ಇನ್1 ಎಂಬ ಪಿನ್ನಿಗೆ ಕರೆಂಟು ಕೊಟ್ಟು (ಹೈ), ಇನ್2ಕ್ಕೆ ಕೊಡದಿದ್ದರೆ (ಲೋ) ಮುಂದೆ, ತಿರುವುಮುರುವು ಆದರೆ ಹಿಂದೆ, ಎರಡೂ ಲೋ ಆದರೆ ನಿಂತಿತು. ವೇಗಕ್ಕೆ 0ಯಿಂದ 255ರವರೆಗೆ ಸಂಖ್ಯೆ ಕೊಡಬೇಕು. ತೀರಾ ಕಡಿಮೆ ಕೊಟ್ಟರೆ ಮೋಟಾರು ಗುಂಯ್‌ಗುಡುತ್ತದೆ, ಗಾಡಿ ಕದಲುವುದಿಲ್ಲ. ಸ್ಟಾರ್ಟರ್, ಕೆಪಾಸಿಟರ್, ರಿಲೇ ಎಲ್ಲ ಈ ಮಕ್ಕಳ ಮನೆಮಾತು. ರೊಬೊಟಿಕ್ಸ್ ತಮ್ಮದಲ್ಲ ಎಂದು ಅವರಿಗೆ ಹೇಳಿಕೊಟ್ಟವರು ನಾವೇ ದೊಡ್ಡವರು.

ಭಾಷೆಯ ವಿಷಯವೂ ಅಷ್ಟೇ. ಎಚ್‌ಸಿ-ಎಸ್‌ಆರ್04 ಎಂಬ, ದೂರ ಅಳೆಯುವ ಸೆನ್ಸರಿನ ಬಗ್ಗೆ ಒಂಬತ್ತನೇ ಕ್ಲಾಸಿನವಳು ಮೊದಲು ಇಂಗ್ಲಿಷ್ ಪಾಠ ಒಪ್ಪಿಸಿದಳು, ಕೇಳುತ್ತಿದ್ದವರು ಜಾರಿಕೊಂಡರು. ಎರಡನೇ ಗುಂಪಿಗೆ ಅವಳೇ ಬದಲಿಸಿದಳು: “ಇದು ಕೂಗತೈತಿ, ನಮ್ಮ ಕಿವಿಗೆ ಕೇಳಂಗಿಲ್ಲ. ಆ ಸಪ್ಪಳ ಗ್ವಾಡಿಗೆ ಬಡದು ವಾಪಸ್ ಬರಾಕ ಎಷ್ಟು ಹೊತ್ತು ಹಿಡೀತು ಅಂತ ಲೆಕ್ಕ ಹಾಕತೈತಿ.” ಕೂಗು 40,000 ಹರ್ಟ್ಸ್‌ನದು, ನಮಗೆ ಕೇಳುವುದು 20,000ದವರೆಗೆ ಮಾತ್ರ. ಹೋಗಿ ಬರುವ ಹೊತ್ತು 58 ಮೈಕ್ರೊಸೆಕೆಂಡ್ ಆದರೆ ದೂರ ಒಂದು ಸೆಂಟಿಮೀಟರ್. ಮಕ್ಕಳು ಪುಸ್ತಕ ಹಿಡಿದು ಅಳೆದರು, ಆಮೇಲೆ ದುಪಟ್ಟಾ ಹಿಡಿದರು. ದುಪಟ್ಟಾಕ್ಕೆ ಅಂಕಿ ಕುಣಿಯಿತು: ಮೆತ್ತನೆಯ ಬಟ್ಟೆ ಸಪ್ಪಳವನ್ನು ಹೀರುತ್ತದೆ, ಓರೆ ಹಿಡಿದ ಪುಸ್ತಕ ಬೇರೆ ಕಡೆಗೆ ಎಸೆಯುತ್ತದೆ.

ಫೋನಿನ ಗಾಡಿಯನ್ನು ಯಾರೋ ಕಾಂಪೌಂಡಿನ ಆಚೆಯಿಂದ ಓಡಿಸಿಬಿಟ್ಟರು. ಎಚ್‌ಸಿ-05 ಎಂಬ ಬ್ಲೂಟೂತ್ ಮಾಡ್ಯೂಲಿನ ಪಿನ್ (ಗುಪ್ತಸಂಖ್ಯೆ) ಅಂಗಡಿಯಿಂದ ಬರುವಾಗ ಸಾಮಾನ್ಯವಾಗಿ 1234, ಬದಲಿಸದಿದ್ದರೆ ಮೊದಲು ಜೋಡಿಯಾದ ಫೋನಿನದೇ ರಾಜ್ಯ. ಮಾಡ್ಯೂಲಿನ ಗುಂಡಿ ಒತ್ತಿಹಿಡಿದು ಕರೆಂಟು ಕೊಟ್ಟು, 38400 ಬಾಡ್‌ನಲ್ಲಿ ಕಮಾಂಡ್ ಕಳಿಸಿ ಪಿನ್ ಬದಲಿಸಬೇಕು. ಐಫೋನಿನಿಂದ ಇದು ಓಡುವುದಿಲ್ಲ, ಅತಿಥಿಗಳು ಕೈಚಾಚಿದರೆ ಮೊದಲೇ ಹೇಳುವುದು ಒಳ್ಳೆಯದು.

ಗೇಟಿನ ಮಾದರಿಗೆ ಮಾತ್ರ ಯಾರೂ ‘ಇದೇನು’ ಎಂದು ಕೇಳಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋದದ್ದು, ಅಣೆಕಟ್ಟು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ಗೇಟಿನ ಬದಲಿಗೆ ಉಕ್ಕಿನ ಅಡ್ಡಹಲಗೆ, ಅಂದರೆ ಸ್ಟಾಪ್‌ಲಾಗ್ ಇಳಿಸಿದ್ದು, ಕಾಲುವೆ ನೀರು ನಂಬಿದ ಮನೆಗಳಲ್ಲಿ ಆ ವಾರವೆಲ್ಲ ಅದೇ ಮಾತು. ಮಾದರಿ ದೊಡ್ಡದೇನಲ್ಲ: ಪ್ಲಾಸ್ಟಿಕ್ ಟಬ್ಬು, 10 ಸೆಂಟಿಮೀಟರ್ ಅಗಲದ, ಪ್ಲಾಸ್ಟಿಕ್ ಫೋಮಿನ ಸನ್‌ಬೋರ್ಡ್ ಗೇಟು, ಅದು ಜಾರಲು ಸ್ಟಿಕ್ ಫೈಲಿನ ಪಟ್ಟಿ, ಎತ್ತಲು ಎಸ್‌ಜಿ90 ಸರ್ವೊ (ಹೇಳಿದಷ್ಟೇ ಕೋನ ತಿರುಗುವ ಸಣ್ಣ ಮೋಟಾರು). ಸರ್ವೊದ ಕೈ ಎರಡು ಸೆಂಟಿಮೀಟರ್ ಇದ್ದರೆ ಅರ್ಧ ಸುತ್ತಿಗೆ ದಾರ ಸುಮಾರು ನಾಲ್ಕು ಸೆಂಟಿಮೀಟರ್ ಮೇಲೆ ಬರುತ್ತದೆ. ಮೊದಲು ರಟ್ಟಿನ ಗೇಟು ಮಾಡಿದ್ದರು, ನೆನೆದು ಉಬ್ಬಿ ಪಟ್ಟಿಯಲ್ಲಿ ಸಿಕ್ಕಿಕೊಂಡಿತ್ತು. ಸರ್ವೊಗೆ ಉನೊದ 5 ವೋಲ್ಟ್ ಪಿನ್ನಿನಿಂದಲೇ ಕರೆಂಟು ಕೊಟ್ಟರೆ ಗೇಟು ನಡುಗುತ್ತದೆ. ಬೇರೆ 5 ವೋಲ್ಟ್ ಕೊಡಬೇಕು, 470 ಮೈಕ್ರೊಫ್ಯಾರಡ್ ಕೆಪಾಸಿಟರ್ ಅಡ್ಡ ಹಾಕಿದರೆ ಇನ್ನೂ ಒಳ್ಳೆಯದು.

ಊಟದ ಬಿಡುವಿನಲ್ಲಿ ದಾರ ಪಟ್ಟನೆ ಹರಿಯಿತು. “ಹತ್ತೊಂಬತ್ತನೇ ಗೇಟು ಹೋತಲೇ!” ಎಂದು ವರಾಂಡವೆಲ್ಲ ಕೂಗು. ಹೊಲಿಗೆ ದಾರ ನೀರಿನಲ್ಲಿ ನೆನೆದು ಸರ್ವೊದ ಚೂಪು ಅಂಚಿಗೆ ತಿಕ್ಕಿತ್ತು. ಹಿಂದಿನ ಬೆಂಚಿನವನೊಬ್ಬ ಓಡಿಹೋಗಿ ಮೀನು ಹಿಡಿಯುವ ನೈಲಾನ್ ದಾರ ತಂದ. ನೈಲಾನ್ ಗಂಟು ತಾನೇ ಜಾರುತ್ತದೆ ಎಂದೂ ಅವನೇ ಹೇಳಿದ, ಕೊಕ್ಕೆಗೆ ಕಟ್ಟುವ ಹಾಗೆ ಸುತ್ತು ಹಾಕಿ ಬಿಗಿದು, ಮೇಲೆ ಒಂದು ಹನಿ ಫೆವಿಕ್ವಿಕ್ ಬಿಟ್ಟ. ಸಂಜೆಯವರೆಗೂ ಆ ಗೇಟಿನ ಉಸ್ತುವಾರಿ ಅವನದೇ, ಬೇರೆಯವರನ್ನು ಹತ್ತಿರ ಬಿಡಲಿಲ್ಲ.

ಇನ್ನು ಕೋಣೆಯ ಬೀಗದ ಮಾತು. ಕೇಂದ್ರ ಸರ್ಕಾರದ ಯೋಜನೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಮಂಜೂರಾದ ಶಾಲೆಗಳಿಗೆ 20 ಲಕ್ಷ ರೂಪಾಯಿ ಅನುದಾನ, 10 ಲಕ್ಷ ಸಾಮಾನಿಗೆ, 10 ಲಕ್ಷ ಐದು ವರ್ಷದ ನಿರ್ವಹಣೆಗೆ. ಈ ಶಾಲೆಯಲ್ಲಿ ಅದಿಲ್ಲ, ಇರುವುದು ದಾನಿಗಳು ಕೊಟ್ಟ ಕೆಲವು ಕಿಟ್. ಆದರೆ ಎರಡೂ ಕಡೆ ಭಯ ಒಂದೇ: ಸ್ಟಾಕ್ ರಿಜಿಸ್ಟರಿನಲ್ಲಿ ಬರೆದ ಮೋಟಾರು ಕಾಣೆಯಾದರೆ ಉತ್ತರ ಕೊಡಬೇಕಾದವರು ಹೆಡ್‌ಮಾಸ್ತರು. ಅವರನ್ನು ದೂರಿ ಫಲವಿಲ್ಲ. ಬಳಸಿ ಸವೆಯುವ ಸಾಮಾನು, ಅಂದರೆ ವಾಯರ್, ಸೆಲ್, ಎಲ್‌ಇಡಿ, ಬಿಒ ಮೋಟಾರು ಮುಂತಾದ ಅಗ್ಗದವನ್ನು ಬೇರೆ ಪುಸ್ತಕದಲ್ಲಿ ಬರೆದು ತೆರೆದ ಡಬ್ಬಿಯಲ್ಲಿ ಇಡುವುದು, ಉನೊ ಮತ್ತು ಚಾರ್ಜರ್ ಮಾತ್ರ ಕಪಾಟಿನಲ್ಲಿ ಇಡುವುದು ಎಂದು ಗೊತ್ತುಮಾಡಿದ ಮೇಲೆ ಅವರೂ ಒಪ್ಪಿದರು.

ತಂಡಕ್ಕೆ ಹೆಸರು ಬರೆಸಲು ಬಂದವರಲ್ಲಿ ಕೋಡಿಂಗ್ ಕೇಳಿದವರು ಕಡಿಮೆ. ಒಬ್ಬನಿಗೆ ಬೆಸುಗೆ ಬೇಕು, ಇಬ್ಬರಿಗೆ ಬಣ್ಣ, ಒಬ್ಬಳಿಗೆ ಲೆಕ್ಕದ ಪುಸ್ತಕ. ಎಲ್ಲರನ್ನೂ ಸೇರಿಸಿಕೊಳ್ಳಲಾಯಿತು. ಅರ್ಧಕ್ಕಿಂತ ಹೆಚ್ಚು ಜನ ಎಂಟನೇ ಕ್ಲಾಸಿನವರೇ ಇರಬೇಕು ಎಂಬುದೊಂದು ನಿಯಮ. ಒಂಬತ್ತರವರು ಬರುವ ವರ್ಷ ಹತ್ತಕ್ಕೆ ಹೋದರೆ ಅವರ ಸಂಜೆಗಳೆಲ್ಲ ಸ್ಪೆಷಲ್ ಕ್ಲಾಸಿನ ಪಾಲು. ಹೆಣ್ಣುಮಕ್ಕಳಿಗೆ 2023ರಿಂದ ಬಸ್ಸು ಪುಕ್ಕಟೆ, ಅವರ ತೊಂದರೆ ದುಡ್ಡಿನದಲ್ಲ, ಕೊನೇ ಬಸ್ಸಿನ ಹೊತ್ತಿನದು. ಅದಕ್ಕೆ ಸಂಜೆ ಬಿಟ್ಟು ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಒಂದೂವರೆ ಗಂಟೆ ಎಂದಾಯಿತು. ಗಣಿತದ ಮಾಸ್ತರರು ಒಂದು ಷರತ್ತು ಹಾಕಿದ್ದಾರೆ: ಪ್ರೋಗ್ರಾಮಿನಲ್ಲಿ ಬರುವ ಲೆಕ್ಕವನ್ನು ಮಕ್ಕಳು ಮೊದಲು ನೋಟ್‌ಬುಕ್ಕಿನಲ್ಲಿ ಮಾಡಿ ತೋರಿಸಬೇಕು. ನ್ಯಾಯವಾದ ಷರತ್ತೇ.

ರಜೆಗೆ ಮುಂಚೆ ಎಎ ಸೆಲ್ಲುಗಳನ್ನೆಲ್ಲ ಡಬ್ಬಿಯಿಂದ ತೆಗೆಯಬೇಕು, ಬಿಟ್ಟರೆ ಬೇಸಿಗೆಯಲ್ಲಿ ಸೋರಿ ಸ್ಪ್ರಿಂಗು ತುಕ್ಕು ಹಿಡಿಯುತ್ತದೆ. 18650 ಸೆಲ್ಲುಗಳನ್ನು ಪೂರ್ತಿ ತುಂಬಿಸದೆ, ಪೂರ್ತಿ ಇಳಿಸದೆ, 3.7 ವೋಲ್ಟಿನ ಆಸುಪಾಸಿನಲ್ಲಿ ತುದಿಗೆ ಟೇಪು ಹಚ್ಚಿ ಇಡಬೇಕು. ಜೂನಿಗೆ ತರಿಸುವ ಪಟ್ಟಿಯನ್ನು ಲೆಕ್ಕದ ಹುಡುಗಿ ಬರೆದಿಟ್ಟಿದ್ದಾಳೆ: ಬಿಒ ಮೋಟಾರು 10, ಸೆಲ್ ಡಬ್ಬಿ 10, ಕೇಬಲ್ ಟೈ ಒಂದು ಪ್ಯಾಕೆಟ್, ಐಆರ್ ಸೆನ್ಸರ್ 6, ಕರೆಂಟ್ ಟೇಪು 4. ಉನೊ ಸದ್ಯಕ್ಕೆ ಬೇಡ, ಇರುವವೇ ಸಾಕು.