ಸ್ವಿಫ್ಟ್ ಲೆಕ್ಕದಲ್ಲಿ ಕಳೆದ ಆ 50,000

ಚಿಕ್ಕಪ್ಪನ ಮಗಳಿಗೆ ಡಿಗ್ರಿಲಿ ಜೊನಾಥನ್ ಸ್ವಿಫ್ಟ್ ಬರೆದ 'ಎ ಮಾಡೆಸ್ಟ್ ಪ್ರಪೋಸಲ್' ಪಾಠ ಇದೆ, ಓದಿ ಮುಗಿಸಿ ಮೆಸೇಜ್ ಹಾಕಿದ್ಲು, "ಅಕ್ಕಾ, ಇವ್ನು ಬಡವರನ್ನ ಆಡ್ಕೊಳ್ತಿದಾನಾ? ಮಕ್ಕಳನ್ನ ತಿನ್ನೋದು ಅಂತೆಲ್ಲ ಬರ್ದಿದಾನೆ, ಹೊಟ್ಟೆ ತೊಳಸತ್ತೆ" ಅಂತ. ಅವಳಿಗೆ ಹೇಳ್ಬೇಕು ಅನ್ಸಿದ್ದನ್ನ ಇಲ್ಲೇ ಬರೀತಿದೀನಿ, ಬೇರೆಯವರಿಗೂ ಉಪಯೋಗ ಆಗ್ಲಿ.

ಇದು ಬಡವರ ಮಕ್ಕಳನ್ನ ತಿನ್ನೋಕೆ ಮಾರಿ ಅಂತ ಸಲಹೆ ಕೊಡೋ ಥರ ಬರೆದ ವ್ಯಂಗ್ಯ ಪ್ರಬಂಧ, ಐರ್ಲೆಂಡಿನ ಡಬ್ಲಿನ್‌ನಲ್ಲಿ 1729ರಲ್ಲಿ ಹೆಸರು ಹಾಕದೆ ಅಚ್ಚಾಗಿದ್ದು. ಸ್ವಿಫ್ಟ್ ಆಗ ಅಲ್ಲಿನ ಸೇಂಟ್ ಪ್ಯಾಟ್ರಿಕ್ಸ್ ಕೆಥೆಡ್ರಲ್‌ನ ಡೀನ್, ಅಂದ್ರೆ ಮುಖ್ಯ ಪಾದ್ರಿ. ಎರಡ್ಮೂರು ವರ್ಷದಿಂದ ಬೆಳೆ ಕೈಕೊಟ್ಟಿತ್ತು, 1699ರಲ್ಲಿ ಇಂಗ್ಲೆಂಡ್ ಮಾಡಿದ ಕಾನೂನಿಂದ ಉಣ್ಣೆ ಬಟ್ಟೆ ಹೊರದೇಶಕ್ಕೆ ಮಾರೋ ದಾರಿ ಮುಚ್ಚಿತ್ತು, ಎಷ್ಟೋ ಜಮೀನ್ದಾರರು ಇಂಗ್ಲೆಂಡಲ್ಲಿ ಕೂತ್ಕೊಂಡು ಐರ್ಲೆಂಡಿನ ರೈತರ ಗೇಣಿಯಲ್ಲಿ ಬದುಕ್ತಿದ್ರು. ಪ್ರಬಂಧ ಶುರುವಾಗೋದೇ ಭಿಕ್ಷೆ ಬೇಡೋ ತಾಯಂದಿರಿಂದ, ಅವರ ಹಿಂದೆ ಚಿಂದಿ ಸುತ್ಕೊಂಡ ಮೂರು, ನಾಲ್ಕು, ಆರು ಮಕ್ಕಳು.

ಇಲ್ಲಿ ಮಾತಾಡ್ತಿರೋ 'ನಾನು' ಸ್ವಿಫ್ಟ್ ಅಲ್ಲ, ಅವನು ಕಟ್ಟಿದ ಒಂದು ಪಾತ್ರ. ಇದನ್ನ ಹಿಡ್ಕೊಂಡ್ರೆ ಅರ್ಧ ಕೆಲಸ ಆಯ್ತು. ಈ ಮನುಷ್ಯ ಸಿಟ್ಟು ಮಾಡಲ್ಲ, ದೇಶದ ಹಿತ ಅಂತಾನೆ, ಪ್ರತಿ ಮಾತಿಗೂ ಲೆಕ್ಕ ಕೊಡ್ತಾನೆ. ಜನರ ಬೆಲೆಯನ್ನ ಪೌಂಡಲ್ಲಿ ಕಟ್ಟೋ ಪದ್ಧತಿಯನ್ನ ವಿಲಿಯಂ ಪೆಟ್ಟಿ ಥರದ ಅರ್ಥಶಾಸ್ತ್ರಜ್ಞರು ಆಗ್ಲೇ ಶುರು ಮಾಡಿದ್ರು, ಆ ಧಾಟಿನೇ ಇದು.

ಆ ಲೆಕ್ಕವನ್ನ ನಿಧಾನವಾಗಿ ಓದ್ಬೇಕು. ದೇಶದಲ್ಲಿ ಮಕ್ಕಳಾಗೋ ವಯಸ್ಸಿನ ದಂಪತಿಗಳು 2 ಲಕ್ಷ. ಮಕ್ಕಳನ್ನ ಸಾಕೋ ಶಕ್ತಿ ಇರೋರು 30,000, ಅವರನ್ನ ಕಳೀತಾನೆ, ಕಳೆಯೋವಾಗ್ಲೇ ಈಗಿನ ಕಷ್ಟದಲ್ಲಿ ಅಷ್ಟೂ ಜನ ಇರಲಿಕ್ಕಿಲ್ಲ ಅಂತ ಒಂದು ಮಾತು ಸೇರಿಸ್ತಾನೆ. ಉಳಿದಿದ್ದು 1,70,000. ಅದರಲ್ಲಿ ತಾನಾಗೇ ಗರ್ಭಪಾತ ಆದವರು, ಹುಟ್ಟಿದ ವರ್ಷದೊಳಗೇ ಮಗು ಕಳ್ಕೊಂಡವರು ಅಂತ ಇನ್ನೊಂದು 50,000 ಕಳೆದು 1,20,000ಕ್ಕೆ ಬರ್ತಾನೆ. ಇದಾದ ಮೇಲೆನೇ ಒಂದು ವರ್ಷದ ಮಗು ಬೇಯಿಸಿದ್ರೂ ಹುರಿದ್ರೂ ರುಚಿ, 1 ಲಕ್ಷ ಮಕ್ಕಳನ್ನ ಮಾರಬಹುದು, ಒಂದಕ್ಕೆ 10 ಶಿಲ್ಲಿಂಗ್, ತಾಯಿಗೆ 8 ಶಿಲ್ಲಿಂಗ್ ಲಾಭ ಅಂತೆಲ್ಲ ಬರೋದು.

ಓದೋರೆಲ್ಲ ಬೆಚ್ಚಿಬೀಳೋದು ಆ ರುಚಿಯ ಮಾತಿಗೆ, ಮಕ್ಕಳನ್ನ ತಿನ್ನೋದು ಪೂರ್ತಿ ಕಲ್ಪನೆ ಅಂತ ಗೊತ್ತಿದ್ರೂ. ಆದ್ರೆ ಅದಕ್ಕಿಂತ ಸ್ವಲ್ಪ ಮೊದ್ಲು ಬಂದು ಹೋಗೋ ಆ 50,000 ತಾಯಂದಿರ ಹತ್ರ ಯಾರೂ ನಿಲ್ಲಲ್ಲ. ಅಂಕಿ ಅಂದಾಜಿಂದೇ ಇರ್ಬಹುದು, ಆದ್ರೆ ಬಡವರ ಮಕ್ಕಳು ಹಾಗೆ ಸಾಯ್ತಿದ್ದಿದ್ದು ನಿಜ, ಅದನ್ನ ಆಗಿನ ಓದುಗರು ದಿನಾ ನೋಡ್ತಾನೇ ಇದ್ರು, ಯಾರಿಗೂ ಊಟ ಸೇರದೇ ಹೋಗಿರ್ಲಿಲ್ಲ, ಸ್ವಿಫ್ಟ್ ಚುಚ್ಚೋದು ಇಲ್ಲಿ. ವಯಸ್ಸಾದವರು, ರೋಗಿಗಳ ಗತಿ ಏನು ಅಂದ್ರೆ ಆ ಪಾತ್ರ, ಅದರ ಚಿಂತೆ ನನಗಿಲ್ಲ, ಚಳಿ, ಹಸಿವು, ಕೊಳಕು, ಹುಳುಹುಪ್ಪಟೆಯಿಂದ ಅವರು ನಾವು ನಿರೀಕ್ಷಿಸಬಹುದಾದಷ್ಟು ಬೇಗ್ನೇ ಸಾಯ್ತಿದಾರೆ ಅಂತಾನೆ. ಇದರಲ್ಲಿ ಸುಳ್ಳು ಯಾವುದು ಹೇಳಿ? ಸಾವು ನಿಜ, ಆ ತಣ್ಣಗಿನ ದನಿ ಮಾತ್ರ ಕಟ್ಟಿದ್ದು, ಅದೂ ಆಳೋರ ದನಿಯನ್ನೇ ನೋಡಿ ಕಟ್ಟಿದ್ದು.

ಹಾಗಾಗಿ ಪುಟ್ಟಿ, ಅವನು ಬಡವರನ್ನ ಆಡ್ಕೊಳ್ತಿಲ್ಲ. ಯಾರ ಮೇಲೆ ಸಿಟ್ಟು ಅಂತ ಅವನೇ ಹೇಳಿದಾನೆ ನೋಡು: ಈ ಮಾಂಸ ಸ್ವಲ್ಪ ದುಬಾರಿ, ಜಮೀನ್ದಾರರಿಗೇ ಸರಿ, ತಂದೆತಾಯಿಗಳನ್ನ ಆಗ್ಲೇ ನುಂಗಿದಾರಲ್ಲ, ಮಕ್ಕಳ ಮೇಲೂ ಹಕ್ಕು ಅವರದ್ದೇ.

ಕೊನೆಕೊನೆಗೆ ಒಂದು ಪ್ಯಾರಾ ಬರತ್ತೆ, ಅಲ್ಲಿ ನಂಗೆ ಪ್ರತಿ ಸಲ ಗಂಟಲು ಕಟ್ಟತ್ತೆ. ಬೇರೆ ಉಪಾಯಗಳ ಮಾತು ನನ್ನ ಹತ್ರ ಎತ್ಬೇಡಿ ಅಂತ ಹೇಳಿ ಪಟ್ಟಿ ಕೊಡ್ತಾನೆ: ಹೊರಗೆ ಕೂತ ಜಮೀನ್ದಾರರ ಮೇಲೆ ಪೌಂಡಿಗೆ 5 ಶಿಲ್ಲಿಂಗ್ ತೆರಿಗೆ, ನಮ್ಮಲ್ಲೇ ಮಾಡಿದ ಬಟ್ಟೆ ಉಡೋದು, ಗೇಣಿದಾರರ ಮೇಲೆ ಕಿಂಚಿತ್ತು ಕರುಣೆ. ಇದರಲ್ಲಿ ಎಷ್ಟೋ ಸ್ವಿಫ್ಟ್ ನಿಜವಾಗ್ಲೂ ಕೇಳಿದ್ದೇ. ಐರ್ಲೆಂಡಿನ ಬಟ್ಟೆನೇ ಬಳಸಿ ಅಂತ 1720ರಲ್ಲಿ ಬರೆದಿದ್ದ, ಅದನ್ನ ಅಚ್ಚು ಹಾಕಿದವನ ಮೇಲೆ ಕೇಸ್ ಹಾಕಿದ್ರು. ನೇರವಾಗಿ ಹೇಳಿ ಹೇಳಿ ಸೋತ ಮೇಲೆ ಬರೆದಿದ್ದು ಇದು.

ಎಕ್ಸಾಮಲ್ಲಿ ಒಂದೇ ಕಡೆ ಕೋಟ್ ಮಾಡೋದಾದ್ರೆ ಅಡುಗೆ ಮಾತು ಬಿಟ್ಟು ಪ್ರಬಂಧದ ಕೊನೆಯದಕ್ಕಿಂತ ಹಿಂದಿನ ಪ್ಯಾರಾ ಮಾಡು. ನಮ್ಮನ್ನೇ ಒಂದು ವರ್ಷದ ಮಗುವಾಗಿದ್ದಾಗ್ಲೇ ಮಾರಿಬಿಟ್ಟಿದ್ರೆ ಚೆನ್ನಾಗಿತ್ತು ಅಂತ ನಿಮಗೆ ಇವತ್ತು ಅನ್ಸಲ್ವಾ ಅಂತ ಆ ತಂದೆತಾಯಿಗಳನ್ನೇ ಕೇಳಿ ಅಂತಾನೆ. ಆಗ ಅವರ ಬದುಕು ಸಾಲಾಗಿ ಬರತ್ತೆ: ಜಮೀನ್ದಾರರ ದಬ್ಬಾಳಿಕೆ, ದುಡ್ಡಿಲ್ಲ ವ್ಯಾಪಾರ ಇಲ್ಲ ಗೇಣಿ ಕಟ್ಟೋಕಾಗಲ್ಲ, ಹೊಟ್ಟೆಗಿಲ್ಲ, ಚಳಿಗೆ ಮನೆ ಇಲ್ಲ ಬಟ್ಟೆ ಇಲ್ಲ, ಮಕ್ಕಳಿಗೂ ಇದೇ ಗತಿ. ಅಲ್ಲಿ ಒಂದಕ್ಷರನೂ ಉತ್ಪ್ರೇಕ್ಷೆ ಇಲ್ಲ.