ಹೊಂಡ ಮುಚ್ಚಿದೆಯಾ?

ಹೋದ ಶನಿವಾರ ಮೆಲ್ಬರ್ನ್‌ನ ಬಾಡಿಗೆ ಮನೆ ಖಾಲಿ ಮಾಡಿದೆವು. ಸಾಮಾನೆಲ್ಲ ಲಾರಿ ಹತ್ತಿದ ಮೇಲೆ ಹಿತ್ತಲಲ್ಲಿ ಉಳಿದದ್ದು ಮೂರು ವರ್ಷದ ಅಂಜೂರದ ಗಿಡ. ಪಕ್ಕದ ಮನೆಯ ಗ್ರೀಕ್ ಅಜ್ಜ ತಮ್ಮ ಮರದ ಟೊಂಗೆ ಕೊಟ್ಟಿದ್ದರು, ಚಿಗುರಿಸಿದ್ದು ನಾನು. ಒಯ್ಯಿರಿ ಎಂದು ಮನೆ ಮಾಲೀಕರೂ ಒಪ್ಪಿದ್ದರು. ಜುಲೈ ಇಲ್ಲಿ ಚಳಿಗಾಲ. ಎಲೆ ಉದುರಿಸಿ ಗಿಡ ನಿದ್ದೆ ಹೋಗಿರುತ್ತದೆ, ಕಿತ್ತು ನೆಡಲು ಅದೇ ಹದ.

ಹಾರೆ ಹಾಕುವಷ್ಟರಲ್ಲಿ ಬೇಲಿಯಾಚೆಯಿಂದ ಅಜ್ಜ ಕೂಗಿದರು: "ತಡಿ, ಮೊದಲು ಉತ್ತರ ಗುರುತು ಮಾಡು."

ತಾವೇ ಬಂದು ಉತ್ತರದ ರೆಂಬೆಗೆ ಕೆಂಪು ಉಣ್ಣೆಯ ನೂಲು ಕಟ್ಟಿದರು. ಈ ದೇಶದಲ್ಲಿ ಸೂರ್ಯ ಉತ್ತರಕ್ಕೆ ವಾಲಿ ಸಾಗುತ್ತಾನೆ. ಬಿಸಿಲುಂಡು ಗಟ್ಟಿಯಾದ ತೊಗಟೆ ಅದೇ ದಿಕ್ಕಿಗೆ ಇರಬೇಕು. ನೆರಳಿನ ಮೈ ಅತ್ತ ತಿರುಗಿದರೆ 40 ಡಿಗ್ರಿಯ ಬೇಸಿಗೆಯಲ್ಲಿ ತೊಗಟೆ ಸುಟ್ಟು ಸೀಳುತ್ತದೆ.

ನನ್ನ ಕೈ ಹಾರೆಯ ಮೇಲೇ ನಿಂತುಬಿಟ್ಟಿತು. ನಮ್ಮಜ್ಜಿಯೂ ಹೀಗೇ ಮಾಡಿದ್ದಳು.

1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಸಾಗರ ತಾಲ್ಲೂಕಿನ ಕರೂರು ಸೀಮೆಯ ನಮ್ಮ ಅಜ್ಜಿಮನೆ ಮುಳುಗಡೆಯಾಯಿತು. ಮನೆ, ತೋಟ, ಬಾವಿ ಬಿಟ್ಟು ಹೊರಡುವಾಗ ಅಜ್ಜಿ ಸೊಂಟದೆತ್ತರದ ಕಂಚಿ ಗಿಡವೊಂದನ್ನು ಮಣ್ಣಿನ ಸಮೇತ ಎಬ್ಬಿಸಿ, ಬೇರಿಗೆ ಬಾಳೆಪಟ್ಟೆ ಸುತ್ತಿ, ಮೂಡಣದ ಮೈಗೆ ಜಾಜು ಬಳಿದು, ಲಾರಿಯಲ್ಲಿ ಮಡಿಲಿಗೆ ಆನಿಸಿಕೊಂಡು ತಂದಳಂತೆ. ಆ ಮರದ ಕಂಚಿ ಉಪ್ಪಿನಕಾಯಿ ತಿಂದೇ ನಾವು ಬೆಳೆದದ್ದು. ಹಿನ್ನೀರು ದಾರಿ ಕಡಿದ ಆ ಸೀಮೆಗೆ ಸಿಗಂದೂರು ಸೇತುವೆ ಬರಲು 2025ರ ಜುಲೈ ತನಕ ಕಾಯಬೇಕಾಯಿತು. ಮುಳುಗಡೆಯಾದವರ ಮಕ್ಕಳು ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಈಗಲೂ ಅಲೆಯುತ್ತಿದ್ದಾರೆ. ರಾಜ್ಯಕ್ಕೆಲ್ಲ ಬೆಳಕು ಕೊಟ್ಟ ಜನ ಅವರು, ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಬೇರಿನ ಸುತ್ತ ಅಗೆದು, ಬುಡ ಎತ್ತಿ, ಒದ್ದೆ ಗೋಣಿತಾಟಿನಲ್ಲಿ ಕಟ್ಟುವಷ್ಟರಲ್ಲಿ ಮಧ್ಯಾಹ್ನವಾಯಿತು. ಇಲ್ಲಿಯ ಪಶ್ಚಿಮದ ಬಡಾವಣೆಗಳದ್ದು ಅಂಟಂಟು ಜೇಡಿಮಣ್ಣು. ಅರ್ಧ ಹಿತ್ತಲೇ ಬೇರಿಗೆ ಅಂಟಿಕೊಂಡು ಬಂದಂತಿತ್ತು. ಕಾರು ಹತ್ತುವಾಗ ಅಜ್ಜ ಕೇಳಿದರು, "ಹೊಂಡ ಮುಚ್ಚಿದೆಯಾ? ಮುಂದೆ ಬರುವವರ ಮಗು ಬಿದ್ದೀತು."

ಹೂಂ ಅಂದುಬಿಟ್ಟೆ. ಮುಚ್ಚಿರಲಿಲ್ಲ.

ರಾತ್ರಿ ಹೊಸ ಮನೆಯಲ್ಲಿ ನಿದ್ದೆ ಹತ್ತಲಿಲ್ಲ. ಚಿಕ್ಕವಳಿದ್ದಾಗ ನಾನೂ ಅಜ್ಜಿಯನ್ನು ಕೇಳಿದ್ದೆ, ಕಂಚಿ ಗಿಡ ಕಿತ್ತ ಹೊಂಡ ಏನು ಮಾಡಿದೆ ಅಂತ. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ ಹೇಳಿದ್ದಳು: "ಮುಚ್ಚಲಿಕ್ಕೆ ಹೋಗ್ಲಿಲ್ಲ ಮಗಾ. ಹೇಗೂ ನೀರು ಬಂದು ಮುಚ್ಚುತ್ತಲ್ಲ."

ಭಾನುವಾರ ಬೆಳಿಗ್ಗೆ ಕೆಂಪು ನೂಲು ಉತ್ತರಕ್ಕೆ ಬರುವಂತೆ ಗಿಡ ನೆಟ್ಟು, ನೀರು ಹೊಯ್ದು, ಎರಡು ಚೀಲ ಮಣ್ಣು ಕಾರಿಗೆ ಹಾಕಿಕೊಂಡು ಹಳೆಯ ಮನೆಗೆ ಹೋದೆ. ಎರಡನೆಯ ಚೀಲ ಸುರಿದ ಮೇಲೆ ನೆಲ ಸಮವಾಯಿತು. ಅಜ್ಜ ಬೇಲಿ ದಾಟಿ ಬಂದು, ಏನೂ ಮಾತಾಡದೆ, ಬೂಟಿನಿಂದ ಮಣ್ಣು ಮೆಟ್ಟಿ ಗಟ್ಟಿಮಾಡಿದರು.