ಕಾಕಾನ ಬಂದೂಕು ಮತ್ತು ಮಿಲಿಷಿಯಾ ಅನ್ನೋ ಮಾತು

ಚುನಾವಣೆ ಬಂತು ಅಂದರೆ ನಮ್ಮ ಕಾಕಾ ತನ್ನ ಒಂಟಿ ನಳಿಗೆ ಬಂದೂಕನ್ನು ಹಳೇ ಧೋತರದಲ್ಲಿ ಸುತ್ತಿಕೊಂಡು ಮುಂಡರಗಿಗೆ ಹೊರಡುತ್ತಾರೆ. ಠಾಣೆಯಲ್ಲಿ ಒಪ್ಪಿಸಬೇಕು, ರಸೀದಿ ತರಬೇಕು. ಕಪ್ಪತಗುಡ್ಡದ ಕಡೆಯಿಂದ ಇಳಿಯುವ ಹಂದಿಗಳು ಗೋವಿನಜೋಳ ಉಳಿಸೋದಿಲ್ಲ, ಅದಕ್ಕಂತಲೇ ಸಿಕ್ಕ ಲೈಸೆನ್ಸ್ ಅದು. ಹೋದ ಸಲ ಬೈಕಿನಲ್ಲಿ ನಾನೇ ಕರೆದುಕೊಂಡು ಹೋಗಿದ್ದೆ. ಠಾಣೆಯವರು ಬಂದೂಕಿನ ನಂಬರನ್ನು ಲೈಸೆನ್ಸ್ ಪುಸ್ತಕದ ನಂಬರಿನ ಜೊತೆ ಎರಡು ಸಲ ತಾಳೆ ನೋಡಿದರು.

ಬಂದೂಕು ಇಟ್ಟುಕೊಳ್ಳೋದು ಪ್ರತಿಯೊಬ್ಬರ ಹಕ್ಕೋ ಅಲ್ಲವೋ ಅನ್ನೋ ಅಮೆರಿಕದ ಜಗಳ ಕೇಳಿದಾಗೆಲ್ಲ ನನಗೆ ಆ ಪುಸ್ತಕ ನೆನಪಾಗುತ್ತದೆ. ಅವರ ಸಂವಿಧಾನದ 2ನೇ ತಿದ್ದುಪಡಿ 1791ರದ್ದು, ಇಂಗ್ಲಿಷಿನಲ್ಲಿ ಬರೀ 27 ಪದ. ಮೊದಲ 13 ಪದ ಪೂರ್ತಿ ಮಿಲಿಷಿಯಾ ಬಗ್ಗೆ: ಸ್ವತಂತ್ರ ರಾಜ್ಯದ ರಕ್ಷಣೆಗೆ ಶಿಸ್ತಿನ ಮಿಲಿಷಿಯಾ ಬೇಕು ಅಂತ. ಆಮೇಲೆ ಬರೋದು ಜನರ ಆಯುಧದ ಹಕ್ಕು. ಮಿಲಿಷಿಯಾ ಅಂದರೆ ಸಂಬಳದ ಸೈನ್ಯ ಅಲ್ಲ, ಊರಿನ ಜನರೇ ಕಟ್ಟಿದ ದಂಡು. 1792ರ ಕಾನೂನಿನ ಪ್ರಕಾರ 18ರಿಂದ 45ರೊಳಗಿನ ಗಟ್ಟಿಮುಟ್ಟಾದ ಬಿಳಿಯ ಗಂಡಸರೆಲ್ಲ ಹೆಸರು ಬರೆಸಬೇಕಿತ್ತು. ಬಂದೂಕು, ಅದರ ಬಾಯಿಗೆ ಸಿಕ್ಕಿಸೋ ಚೂರಿ, ಎರಡು ಕಿಡಿಕಲ್ಲು, 24 ತೋಟಾ ಹಿಡಿಸೋ ಚೀಲ, ಎಲ್ಲ ಸ್ವಂತ ಖರ್ಚಿನಲ್ಲಿ. ಕರೆದ ದಿನ ಕವಾಯತಿಗೆ ಹಾಜರಾಗಬೇಕು. ಕರಿಯರನ್ನು ಹೊರಗಿಟ್ಟರು, ಅದನ್ನು ಮರೆಯೋ ಹಾಗಿಲ್ಲ.

ಬಂದೂಕಿನ ಜೊತೆ ಪಟ್ಟಿಯೂ ಇತ್ತು, ಕೆಲಸವೂ ಇತ್ತು ಅಲ್ವಾ? 2008ರಲ್ಲಿ ಹೆಲ್ಲರ್ ಪ್ರಕರಣದಲ್ಲಿ ಅವರ ಸುಪ್ರೀಂ ಕೋರ್ಟು, ಮಿಲಿಷಿಯಾಕ್ಕೆ ಸೇರದವನಿಗೂ ಮನೆಯಲ್ಲಿ ತನ್ನ ರಕ್ಷಣೆಗೆ ಬಂದೂಕು ಇಡೋ ಹಕ್ಕಿದೆ ಅಂತ ತೀರ್ಪು ಕೊಟ್ಟಿತು. ಐದು ಜನ ನ್ಯಾಯಮೂರ್ತಿಗಳು ಆ ಕಡೆ; ಈ ಹಕ್ಕು ಮಿಲಿಷಿಯಾದ ಕೆಲಸಕ್ಕೆ ಅಂಟಿಕೊಂಡದ್ದು ಅಂದ ನಾಲ್ಕು ಜನ ಈ ಕಡೆ. ನನಗೆ ಆ ನಾಲ್ಕು ಜನರ ಮಾತೇ ಸರಿ ಅನಿಸುತ್ತದೆ. ಆ 13 ಪದಗಳನ್ನು ಸುಮ್ನೆ ಬರೆದಿರಲಿಕ್ಕಿಲ್ಲ.

ಹಾಗಂತ, ಸರ್ಕಾರ ಆಯುಧ ಕಿತ್ತುಕೊಂಡು ಜನರನ್ನು ತುಳಿದೀತು ಅನ್ನೋ ಹಕ್ಕು ಕೇಳುವವರ ಭಯ ಸುಳ್ಳು ಅಂತ ನಾನು ಹೇಳಲಾರೆ, ಯಾಕಂದರೆ ನಮ್ಮ ಸೀಮೆಯಲ್ಲೇ ಅದು ಆಗಿಹೋಗಿದೆ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಅಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು, 19 ಜನರನ್ನು ಗಲ್ಲಿಗೇರಿಸಿದರು. ಮರುವರ್ಷವೇ ನಮ್ಮ ಮುಂಡರಗಿ ಭೀಮರಾಯರು ಬಂಡೆದ್ದು ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತ ಸತ್ತರು. ಆದರೆ ಹಲಗಲಿಯಲ್ಲಿ ಎದ್ದವರು ಒಬ್ಬೊಬ್ಬರೇ ಮನೆ ಕಾದುಕೊಂಡವರಲ್ಲ, ಇಡೀ ಊರು ಒಟ್ಟಿಗೆ ನಿಂತಿತ್ತು. ನಾನು ಮಿಲಿಷಿಯಾ ಅಂದುಕೊಳ್ಳೋದು ಅದನ್ನೇ.

ಠಾಣೆಯಿಂದ ಬರುವಾಗ ಚಹಾ ಕುಡಿಯುತ್ತ ಕೇಳಿದೆ, ಊರಲ್ಲಿ ಎಲ್ಲರಿಗೂ ಬಂದೂಕು ಕೊಟ್ಟರೆ ಹೆಂಗ ಕಾಕಾ ಅಂತ. ರಸೀದಿ ಮಡಚಿ ಅಂಗಿ ಕಿಸೆಯಲ್ಲಿ ಇಟ್ಟುಕೊಂಡು ಹೇಳಿದರು, "ಬಂದೂಕು ಇರ್ಲಿ ತಮ್ಮಾ, ರಾತ್ರಿ ಹೊಲ ಕಾಯಾಕ ನನ್ನ ಜೋಡಿ ಯಾರು ಬರ್ತಾರ ಮದ್ಲ ಅದನ್ನ ಕೇಳು."